ಎರಡು ಸಿಮ್ಮಿನ ಡಬ್ಬಿ

ಗೋಡೆಯ ಮೇಲೆ ಫೋನ್ ನಂಬರು ಬರೆಸುವ ಮೊದಲು ಆ ನಂಬರಿನ ಮನುಷ್ಯನನ್ನು ಒಂದು ಮಾತು ಕೇಳಬೇಕು ಎಂಬಷ್ಟು ತಿಳಿವಳಿಕೆ ಶಲವಡಿಯ ಹಿಂಗಾರಿ ಬೀಜ ಬೆಳೆಗಾರರ ಸಂಘದ ಅಧ್ಯಕ್ಷರಿಗೆ ಇದ್ದಿದ್ದರೆ ಈ ರಾಮಾಯಣ ಶುರುವಾಗುತ್ತಲೇ ಇರಲಿಲ್ಲ. ರಸ್ತೆ ಅಗೆಯುವ ಜೆಸಿಬಿಯೊಂದು ಸಂಘದ ಲ್ಯಾಂಡ್‌ಲೈನ್ ತಂತಿಯನ್ನು ಕಿತ್ತು ಹತ್ತು ತಿಂಗಳಾಗಿತ್ತು. ಕಿತ್ತ ಮರುದಿನವೇ ಅಧ್ಯಕ್ಷ ಮಡಿವಾಳೆಪ್ಪನವರು ಪೇಂಟರನನ್ನು ಕರೆಸಿ, "ಸದ್ಯಕ್ಕ ಇದು ಇರ್ಲಿ" ಎಂದು ಕಾರ್ಯದರ್ಶಿ ದಿನಕರರಾಯರ ಸ್ವಂತ ಮೊಬೈಲ್ ನಂಬರನ್ನು ಸಂಘದ ಗೋಡೆಯ ಮೇಲೆ ಮೊಳದುದ್ದದ ಅಂಕಿಗಳಲ್ಲಿ ಬರೆಸಿದರು. ಬಣ್ಣ ಉಳಿಯಿತು. ಉಳಿದ ಬಣ್ಣ ಯಾಕೆ ಹಾಳಾಗಬೇಕೆಂದು ಸುತ್ತಲಿನ ಹನ್ನೊಂದು ಹಳ್ಳಿಯ ಗೋಡೆಗಳ ಮೇಲೂ ಬರೆಸಿದರು. ಆಮೇಲೆ ಬೀಜದ ಚೀಲಗಳ ಮೇಲೂ ಅದೇ ನಂಬರು ಅಚ್ಚಾಯಿತು.

ಅಂದಿನಿಂದ ರಾಯರ ಕಿವಿ ರಾಯರದಾಗಿ ಉಳಿಯಲಿಲ್ಲ. ಬೆಳಗಿನ ಐದೂವರೆಗೆ "ಬೀಜ ಬಂತೇನ್ರಿ?" ಎಂದು ಶುರುವಾದರೆ, ಊಟದ ತಾಟಿನ ಮುಂದೆ "ಗೋದಾಮಿನ ಕೀಲಿ ಯಾರ ಕಡಿ ಐತ್ರಿ?" ಎನ್ನುವವರೆಗೆ ನಡೆಯುತ್ತಿತ್ತು. ಎತ್ತದಿದ್ದರೆ ಮತ್ತೆ ಮತ್ತೆ ಹಚ್ಚುತ್ತಿದ್ದರು, ಎತ್ತಿದರೆ ಬಿಡುತ್ತಿರಲಿಲ್ಲ. ಒಬ್ಬ ಪುಣ್ಯಾತ್ಮನಂತೂ ಕಡಲೆ ಗಿಡದ ಹುಳವನ್ನು ಫೋನಿನ ಬಾಯಿಗೆ ಹಿಡಿದು, "ಸಪ್ಪಳ ಕೇಳಸ್ತೈತೇನ್ರಿ? ಇದು ಯಾವ ಹುಳ ಹೇಳ್ರಿ" ಎಂದು ಕೇಳಿದ್ದ. ರಾಯರು ಸಂಘದ ಕಾಗದಪತ್ರ ಬರೆಯುವವರೇ ಹೊರತು ಹುಳದ ಡಾಕ್ಟರಲ್ಲ.

ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಹನ್ನೊಂದು ದಿನಗಳ ಹಿಂದೆ ರಾಯರ ಹೆಂಡತಿ ಅನ್ನಪೂರ್ಣಾಬಾಯಿ ಹುಬ್ಬಳ್ಳಿಯ ತಂಗಿಯ ಮನೆಯಿಂದ ರೈಲಿನಲ್ಲಿ ಬಂದು ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಇಳಿದರು. ಕೈಯಲ್ಲಿ ಎರಡು ಚೀಲ, ಬಗಲಲ್ಲಿ ಒಂದು ಉಪ್ಪಿನಕಾಯಿ ಭರಣಿ, ಜೊತೆಗೆ ಮೊಣಕಾಲ ನೋವು. ಕರೆದುಕೊಂಡು ಹೋಗಲು ಬನ್ನಿ ಎಂದು ಗಂಡನಿಗೆ ಹತ್ತೊಂಬತ್ತು ಸಲ ಫೋನ್ ಹಚ್ಚಿದರು. ಹತ್ತೊಂಬತ್ತು ಸಲವೂ ಬೇರೆ ಕರೆಯಲ್ಲಿದ್ದಾರೆ ಎಂದೇ ಬಂತು. ಆ ಹೊತ್ತಿನಲ್ಲಿ ರಾಯರು ಇಸ್ಮಾಯಿಲಸಾಬ ಎಂಬ ರೈತನಿಗೆ, ಕುಸುಬಿಗೆ ಮುಳ್ಳು ಇರುವುದು ಸಂಘದ ತಪ್ಪಲ್ಲ ಎಂದು ತಿಳಿಸಿ ಹೇಳುತ್ತಿದ್ದರು. ಬಾಯಿಯವರು ಆ ಊರಲ್ಲೇ ಇದ್ದ ಮನೆಗೆ ನಡೆದೇ ಬಂದರು. ಬಂದವರು ಮಾತು ಬಿಟ್ಟರು.

ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರ ಬಾಯಿ ಒಂದು ದಿನವೂ ಸುಮ್ಮನಿದ್ದದ್ದಿಲ್ಲ. ಈಗ ಏನು ಬೇಕಾದರೂ ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಬರೆದಿಡುತ್ತಿದ್ದರು. 'ಅನ್ನ ಬುಟ್ಟಿ ಕೆಳಗದ.' 'ಹಾಲಿನಾಂವ ಬಂದಿದ್ದ.' ರಾಯರಿಗೆ ಮೊದಲ ಎರಡು ದಿನ ಆರಾಮೆನಿಸಿತ್ತು. ಮೂರನೆಯ ದಿನದಿಂದ ಮನೆ ಬಿಕೋ ಎನ್ನತೊಡಗಿತು. ಬೈಗುಳವಾದರೂ ಸರಿ, ಅವಳ ಧ್ವನಿ ಕಿವಿಗೆ ಬಿದ್ದರೆ ಸಾಕು ಎಂದು ಜೀವ ಹಂಬಲಿಸುತ್ತಿತ್ತು.

ಇಂದು ಬೆಳಿಗ್ಗೆ ಚಹಾದ ಕಪ್ಪಿನ ಕೆಳಗೆ ಒಂದು ಹಾಳೆ ಇತ್ತು. 'ಇವತ್ತ ಸಂಜಿ ಆರಕ್ಕ ಫೋನ್ ಮಾಡತೀನಿ. ಒಂದ ಸಲಕ್ಕ ಹತ್ತಬೇಕು. ನೀವು ಸಮಾಧಾನದಿಂದ ಮಾತಾಡಿದ್ರ ನಾನೂ ಮಾತಾಡತೀನಿ. ಇಲ್ಲಾಂದ್ರ ಈ ಜನ್ಮಕ್ಕ ಸಾಕು.'

ರಾಯರು ಅಡಿಗೆಮನೆಯ ಬಾಗಿಲಿಗೆ ಹೋಗಿ ಆಣೆ ಮಾಡುವವರ ಹಾಗೆ ಎದೆಯ ಮೇಲೆ ಕೈಯಿಟ್ಟರು. "ಇವತ್ತ ಆಫೀಸಿಗೆ ಹೊಸಾ ಮಶೀನ್ ಬರತದ. ಇವತ್ತಿನಿಂದ ನನ್ನ ಫೋನು ನಂದು, ನಿಂದು. ಬ್ಯಾರೆ ಯಾರದೂ ಅಲ್ಲ. ಆರಕ್ಕ ಮಾಡು, ನೋಡು."

ಬಾಯಿಯವರು ತಿರುಗಿ ನೋಡುವಷ್ಟರಲ್ಲಿ ಫೋನ್ ಬಾರಿಸಿತು. "ರಾಯರ, ಬೀಜ ಬಂತೇನ್ರಿ?"

ಆ ಮಶೀನಿನ ಮೇಲೆಯೇ ಈಗ ರಾಯರ ಸಂಸಾರ ನಿಂತಿತ್ತು. ಮೊಬೈಲ್ ಸಿಮ್ ಹಾಕಿ, ಹಿಂಬದಿಯ ತಂತಿಯನ್ನು ಆಫೀಸಿನ ಹಳೆಯ ಇಂಟರ್‌ಕಾಮಿಗೆ ಜೋಡಿಸಿದರೆ ಹೊರಗಿನ ಕರೆ ಟೇಬಲ್ ಮೇಲಿನ ಫೋನುಗಳಿಗೆ ಬರುತ್ತದೆ, ಅಂಥದೊಂದು ಡಬ್ಬಿ ಸಿಗುತ್ತದೆ ಎಂದು ಹುಡುಕಿ ತೆಗೆದವರೇ ರಾಯರು. ತರಿಸಿ ತರಿಸಿ ಎಂದು ಆರು ತಿಂಗಳಿಂದ ಹೇಳಿದರೂ ಅಧ್ಯಕ್ಷರು "ನೋಡೂಣು" ಎನ್ನುತ್ತಿದ್ದರು. ನಾಳೆಯಿಂದ ಸಂಘದ ಚುನಾವಣೆಯ ನೀತಿಸಂಹಿತೆ. ಮುಂದೆ ಮೂರು ತಿಂಗಳು ಒಂದು ಪೆನ್ಸಿಲ್ ಕೂಡ ಕೊಳ್ಳುವಂತಿರಲಿಲ್ಲ. ಆದದ್ದು ಇಂದೇ ಆಗಬೇಕಿತ್ತು.

ಹನ್ನೊಂದು ಗಂಟೆಗೆ ಹುಬ್ಬಳ್ಳಿಯಿಂದ ಫೋನ್ ಸಾಮಾನಿನ ಅಂಗಡಿಯ ಸರ್ಫರಾಜ್ ಬಂದು ಟೇಬಲ್ ಮೇಲೆ ಮೂರು ಡಬ್ಬಿ ಇಟ್ಟ. ಸುತ್ತ ಕುಳಿತವರು ಅಧ್ಯಕ್ಷರು, ಕಂಪ್ಯೂಟರಿನ ರೋಹಿಣಿ, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾಗಿದ್ದ ನಿರ್ದೇಶಕ ಯಾಕೂಬಸಾಬರು, ಮತ್ತು ಗಡಿಯಾರ ನೋಡುತ್ತಿದ್ದ ರಾಯರು.

"ಇದು ಎರಡು ಸಿಮ್ಮಿಂದ್ರಿ, ಇದು ನಾಕರದು, ಇದು ಎಂಟರದು" ಎಂದ ಸರ್ಫರಾಜ್. "ನಿಮ್ಮ ಇಂಟರ್‌ಕಾಮ್ ಹಳೇದು. ಈ ಸಣ್ಣದು ಹಾಕಿದ್ರ ಅಗದಿ ಬರೋಬ್ಬರಿ ಆಗ್ತೈತಿ."

"ಆತಲ್ಲ, ಅದನ್ನ ಹಾಕ್ರಿ" ಎಂದರು ರಾಯರು.

ಅಧ್ಯಕ್ಷರು ಸಣ್ಣ ಡಬ್ಬಿಯನ್ನು ಎತ್ತಿ ತೂಕ ನೋಡಿದರು. "ಇದೇನ್ರಿ ಸುಣ್ಣದ ಡಬ್ಬಿ ಇದ್ದಂಗ ಐತಿ? ಹದಿನಾಕು ನೂರು ಮೆಂಬರ ಇರೂ ಸಂಘ ಇದು. ಆ ದೊಡ್ಡದು ನೋಡ್ರಿ, ಎಂಟು ಕಡ್ಡಿ ಅದಾವು, ಏಟು ಲೈಟ್ ಅದಾವು! ಬಂದ ಮಂದಿ ನೋಡಿದ್ರ ಏನಾರ ಅನ್ನಬೇಕಿಲ್ಲೋ?"

"ಎಂಟು ಮಂದಿ ಮಾತಾಡಾಕ ನಮ್ಮಲ್ಲಿ ಇರೂದು ನಾಕ ಟೇಬಲ್ ಅಲ್ರಿ" ಎಂದಳು ರೋಹಿಣಿ.

"ಮುಂದ ಬೆಳೀತೇವಿ."

ಸರ್ಫರಾಜ್ ಕೈಮುಗಿದ. "ಸರ್, ಅದು ಇಂಟರ್‌ನೆಟ್ ಮ್ಯಾಲ ನಡೆಯೂ ಫೋನಿಗೆ ಮಾಡಿದ್ದು. ನಿಮ್ಮ ಇಂಟರ್‌ಕಾಮಿಗೆ ಎರಡು ತಂತಿ ಬರ್ತಾವು. ಅದಕ್ಕೂ ಇದಕ್ಕೂ ಕೂಡೂದಿಲ್ರಿ."

"ಕೂಡಸ್ರಿ. ಯಾಕ ಕೂಡೂದಿಲ್ಲ? ಯಾಕೂಬಸಾಬ್ರ, ನೀವೇನಂತೀರಿ?"

ಯಾಕೂಬಸಾಬರು ಕೇಳುವುದನ್ನೇ ಕಾಯುತ್ತಿದ್ದರು. "ನಾ ಮೂವತ್ತು ವರ್ಷ ಕಂಬ ಹತ್ತೀನ್ರಿ. ಡಬ್ಬಿ ಯಾವುದರ ಇರ್ಲಿ, ಮೊದಲ ರೇಂಜ್ ನೋಡ್ರಿ. ನಡುವಿನ ಡಬ್ಬಿ ತಗೊಂಡು ಮಾಳಿಗಿ ಮ್ಯಾಲ ಕಡ್ಡಿ ಹಿಡದು ನೋಡೂಣು. ರಾಯರು ಹತ್ತಲಿ. ಅವರಿಗೆ ಗರಜು ಭಾಳ ಐತಿ."

ರಾಯರಿಗೆ ಅಗತ್ಯ ಇದ್ದದ್ದು ನಿಜ. ಐವತ್ತಾರು ವರ್ಷದ ರಾಯರು ಆಂಟೆನಾದ ಕಡ್ಡಿಯನ್ನು ಜೇಬಿಗೆ ಸಿಕ್ಕಿಸಿಕೊಂಡು, ಅದರ ಉದ್ದನೆಯ ತಂತಿ ಎಳೆಯುತ್ತ ನಿಚ್ಚಣಿಕೆ ಹತ್ತಿದರು. ಏಳನೆಯ ಮೆಟ್ಟಿಲಿಗೆ ಫೋನ್ ಬಾರಿಸಿತು. ಒಂದು ಕೈಯಲ್ಲಿ ನಿಚ್ಚಣಿಕೆ, ಇನ್ನೊಂದರಲ್ಲಿ ಫೋನು.

"ರಾಯರ, ಇಸ್ಮಾಯಿಲಸಾಬ ಮಾತಾಡಾಕತ್ತೀನ್ರಿ. ಎಲ್ಲಿ ಅದೀರಿ?"

"ನಿಚ್ಚಣಿಕಿ ಮ್ಯಾಲ!"

"ಸಾವಕಾಶ ಇಳೀರಿ, ಅವಸರಿಲ್ಲ. ಅಷ್ಟರಾಗ ನಾ ಹೇಳ್ತಿರ್ತೀನಿ."

ರಾಯರಿಗೆ ಸಿಟ್ಟು ನೆತ್ತಿಗೇರಿತು. ಫೋನ್ ಕಟ್ ಮಾಡಿ ಮೇಲೆ ಹತ್ತಿದರು. ಆಂಟೆನಾದ ಬುಡದಲ್ಲಿ ಅಯಸ್ಕಾಂತ ಇತ್ತು. ಮಾಳಿಗೆಯ ತಗಡು ಸಿಕ್ಕಿದ್ದೇ ತಡ, ಟಪ್ಪೆಂದು ಅಂಟಿ ಕುಳಿತಿತು. "ಇಲ್ಲಿ ಬಂತೇನ್ರಿ ರೇಂಜ್?" ಎಂದು ಕೂಗಿದರೆ ಕೆಳಗಿನಿಂದ ಉತ್ತರವಿಲ್ಲ. ಬೇರೆ ಕಡೆ ಇಡೋಣವೆಂದು ಎರಡೂ ಕೈಯಿಂದ ಎಳೆದರು. ಕಡ್ಡಿ ಬಂತು, ಅದರ ಸಂಗಡ ರಾಯರೂ ಹಿಂದೆ ಬಂದು ಕುಳಿತರು. ತಗಡಿನ ಅಂಚು ಪ್ಯಾಂಟಿನ ಮೊಣಕಾಲನ್ನು ಗೇಣುದ್ದ ಸೀಳಿತು. "ಯಾಕೂಬಸಾಬ್ರ! ಬಂತೇನ್ರಿ?" ಎಂದು ಗಂಟಲು ಹರಿಯುವಂತೆ ಕೂಗಿದರು. ಆಗ ರೋಹಿಣಿ ಅಂಗಳಕ್ಕೆ ಬಂದು, "ಸಾಬ್ರು ಚಹಾ ಕುಡ್ಯಾಕ ಹೋಗ್ಯಾರ್ರಿ ಸರ್. ಇಲ್ಲಿ ಯಾರೂ ನೋಡಾಕತ್ತಿಲ್ಲ" ಎಂದಳು.

ಇಳಿದು ಬಂದಾಗ ಇನ್ನೊಂದು ಸುದ್ದಿ ಕಾದಿತ್ತು. ಸರ್ಫರಾಜ್ ಸಂಕೋಚದಿಂದ ತಲೆ ಕೆರೆದುಕೊಂಡ. "ಸರ್, ಈ ನಾಕು ಸಿಮ್ಮಿಂದು ಹಳೇ ಮಾಡೆಲ್. ಹೊಸಾ ಸಿಮ್ ಇದರಾಗ ನಡೆಯೂದ ಇಲ್ರಿ. ನಾ ಮೊದಲ ಹೇಳಾಕ ಬಂದಿದ್ದೆ, ಸಾಬ್ರು ಹೇಳಾಕ ಬಿಡ್ಲಿಲ್ಲ."

"ಹಂಗಾರ ಎಂಟು ಕಡ್ಡೀದ ಖರೆ" ಎಂದರು ಅಧ್ಯಕ್ಷರು ಸಂತೋಷದಿಂದ.

ರಾಯರು ತಡೆದುಕೊಂಡಿದ್ದು ಹತ್ತು ತಿಂಗಳು. ಅದೆಲ್ಲ ಒಮ್ಮೆಗೇ ಹೊರಗೆ ಬಂತು. ಟೇಬಲ್ ಗುದ್ದಿದ ಹೊಡೆತಕ್ಕೆ ಮೂರೂ ಡಬ್ಬಿಗಳು ಕುಣಿದವು. "ಲೈಟ್ ಬೇಕಾದ್ರ ದೀಪಾವಳಿ ಸರಾ ತಂದು ಹಾಕ್ರಿ ಅಧ್ಯಕ್ಷರ! ನನ್ನ ಹೇಣ್ತಿ ನನ್ನ ಜೋಡಿ ಮಾತಾಡಲಾರದ ಹನ್ನೊಂದು ದಿನ ಆತು! ಜಳಕಾ ಮಾಡೂವಾಗ ಫೋನು, ದೇವರಿಗೆ ಹೂವು ಏರಸೂವಾಗ ಫೋನು, ಕಕ್ಕಸದಾಗ ಕೂತ್ರ ಅಲ್ಲೂ ಫೋನು! ಎತ್ತಿ ನೋಡಿದ್ರ ಕಡ್ಲಿ ಹುಳಾ! ನನ್ನ ನಂಬರ ಗ್ವಾಡಿ ಮ್ಯಾಲ ಬರಸ್ಲಿಕ್ಕೆ ನಿಮಗ ಹೇಳಿದವ್ರು ಯಾರು? ಇವತ್ತ ಆ ಸಣ್ಣ ಡಬ್ಬಿ ಹಚ್ಚಲಿಲ್ಲಂದ್ರ ಈ ಫೋನು ಭಾವಿಗೆ ಒಗೀತೀನಿ, ಅದರ ಹಿಂದ ನಾನೂ ಹಾರತೀನಿ!"

ಅಧ್ಯಕ್ಷರು ರೋಹಿಣಿಯ ಕಡೆ ಬಾಗಿ, "ರಾಯರಿಗೆ ಬಿ.ಪಿ. ಐತೇನವಾ?" ಎಂದು ಮೆಲ್ಲಗೆ ಕೇಳಿದರು. ಆಮೇಲೆ ಸಣ್ಣ ಡಬ್ಬಿಯ ಕಾಗದಕ್ಕೆ ಮರುಮಾತಿಲ್ಲದೆ ಸಹಿ ಹಾಕಿದರು. ಆಗ ಮೂರು ಗಂಟೆ.

ಸರ್ಫರಾಜ್ ತಂತಿ ಜೋಡಿಸಿ, ರೋಹಿಣಿ ತಂದಿಟ್ಟಿದ್ದ ಎರಡು ಹೊಸ ಸಿಮ್ ಕೈಗೆತ್ತಿಕೊಂಡ. ಯಾಕೂಬಸಾಬರು ಅವನ ಕೈ ಹಿಡಿದರು. "ತಡೀರಿ. ಈ ಹೊಸಾ ನಂಬರ ಯಾರಿಗೆ ಗೊತ್ತೈತಿ? ಹನ್ನೊಂದು ಊರಿನ ಗ್ವಾಡಿ ಮ್ಯಾಲ ರಾಯರ ನಂಬರ ಐತಿ. ಚೀಲದ ಮ್ಯಾಲೂ ಅದ ಐತಿ. ಮಂದಿ ಅದಕ್ಕ ಹಚ್ಚೂದು."

ಅಧ್ಯಕ್ಷರಿಗೆ ಜ್ಞಾನೋದಯವಾದಂತಾಯಿತು. "ಅಲಾ! ಹಂಗಾರ ರಾಯರ ಸಿಮ್ಮನ್ನ ಡಬ್ಬ್ಯಾಗ ಹಾಕ್ರಿ. ರಾಯರಿಗೆ ಒಂದು ಹೊಸಾದು ಕೊಡ್ರಿ. ಮುಗೀತಲ್ಲ!"

"ಹದಿನೆಂಟು ವರ್ಷದ ನಂಬರ ಅದು!" ಎಂದು ರಾಯರು ಎದ್ದು ನಿಂತರು. ಬಾಯಿಗೆ ಇನ್ನೂ ನಾಲ್ಕು ಮಾತು ಬಂದಿದ್ದವು. ಅಷ್ಟರಲ್ಲಿ ಆ ನಂಬರು ಮತ್ತೆ ಬಾರಿಸತೊಡಗಿತು. ರಾಯರು ಕೈಯಲ್ಲಿ ಬಡಿದುಕೊಳ್ಳುತ್ತಿದ್ದ ಫೋನನ್ನು ನೋಡಿದರು. ಈ ಶನಿಯನ್ನು ಹಿಡಿದಿಟ್ಟುಕೊಂಡು ತಾವೇನು ಮಾಡಬೇಕಾಗಿದೆ? ಹೊಸ ನಂಬರು ಒಬ್ಬರಿಗೂ ಗೊತ್ತಿಲ್ಲ. ತಾವು, ತಮ್ಮ ಹೆಂಡತಿ, ಇಬ್ಬರೇ. ಹಾಗೆಂದುಕೊಂಡ ಕೂಡಲೇ ಮೈ ಹಗುರಾಯಿತು. ಹಿಂದಿನ ಮುಚ್ಚಳ ತೆಗೆದು, ಸಿಮ್ ಕಿತ್ತು, ಹಲ್ಲು ಕೀಳಿಸಿಕೊಂಡವರಂತೆ ಸರ್ಫರಾಜನ ಕೈಗೆ ಕೊಟ್ಟರು. "ತಗೋರಿ. ಅದರ ಮಾರಿ ನನಗ ಮತ್ತ ತೋರಸಬ್ಯಾಡ್ರಿ."

ಡಬ್ಬಿಯ ಒಂದು ಮನೆಗೆ ರಾಯರ ಸಿಮ್, ಇನ್ನೊಂದಕ್ಕೆ ಒಂದು ಹೊಸ ಸಿಮ್ ಹೋದವು. ಉಳಿದ ಹೊಸ ಸಿಮ್ ರಾಯರ ಫೋನಿಗೆ ಬಂತು. ಫೋನ್ ಮಾಡಿದವರಿಗೆ ಕೇಳಿಸಲು ಸ್ವಾಗತದ ಮಾತು ಬೇಕೆಂದು ಸರ್ಫರಾಜ್ ಹೇಳಿದ್ದೇ ತಪ್ಪಾಯಿತು. ಅಧ್ಯಕ್ಷರು ಸಂಘದ ಸ್ಥಾಪನೆಯಿಂದ ಹಿಡಿದು ತಮ್ಮ ಅವಧಿಯ ಅಭಿವೃದ್ಧಿಯವರೆಗೆ ಡಬ್ಬಿಗೆ ಭಾಷಣ ಮಾಡಿದರು. ಅವರನ್ನು ಎಳೆದು ತಂದು, ಯಾವ ಕೆಲಸಕ್ಕೆ ಯಾವ ಅಂಕಿ ಒತ್ತಬೇಕು ಎಂಬುದಕ್ಕೆ ಇಳಿಸುವಷ್ಟರಲ್ಲಿ ಐದು ಹೊಡೆಯಿತು.

ಪರೀಕ್ಷೆಗೆಂದು ಯಾಕೂಬಸಾಬರು ಅಂಗಳಕ್ಕೆ ಹೋಗಿ ಫೋನ್ ಹಚ್ಚಿದರು. ರೋಹಿಣಿಯ ಟೇಬಲ್ ಮೇಲಿನ ಫೋನು ಹತ್ತು ತಿಂಗಳ ಮೇಲೆ ಬಾಯಿ ತೆರೆದು ಬಾರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಯಾರೂ ಎತ್ತಲಿಲ್ಲ.

ಆ ಸಂಘದಲ್ಲಿ ಬರೆಯದೆ ನಡೆದುಬಂದ ಒಂದು ಪದ್ಧತಿ ಇತ್ತು. ಫೋನ್ ಯಾರು ಎತ್ತುತ್ತಾರೋ ಆ ಕೆಲಸ ಅವರದು. ಅವರ ಹೆಸರೇ ಪುಸ್ತಕಕ್ಕೆ ಏರುತ್ತಿತ್ತು, ಕೆಲಸ ಮುಗಿಯುವ ತನಕ ಆ ರೈತ ಅವರ ಬೆನ್ನು ಬಿಡುತ್ತಿರಲಿಲ್ಲ. ರೋಹಿಣಿ ಕಂಪ್ಯೂಟರಿನಲ್ಲಿ ಮುಳುಗಿದಳು. ಅಧ್ಯಕ್ಷರು ಮೇಲಿನ ಛಾವಣಿ ನೋಡಿದರು. ಫೋನು ಸುತ್ತು ಹೊಡೆದು ಪಕ್ಕದ ಟೇಬಲ್ಲಿಗೆ ಹೋಯಿತು, ಅಲ್ಲಿಂದ ಅದರಾಚೆಗೆ. ಕೊನೆಗೆ ಎಲ್ಲರ ಕಣ್ಣೂ ರಾಯರ ಮೇಲೆ ನಿಂತವು.

"ನಾ ಅಲ್ಲ" ಎಂದರು ರಾಯರು, ಎರಡೂ ಕೈ ಬಗಲಲ್ಲಿ ಸಿಕ್ಕಿಸಿಕೊಂಡು. "ಹತ್ತು ತಿಂಗಳು ಎತ್ತೀನಿ. ಇನ್ನ ನೀವು ಎತ್ರಿ." ಎಂದವರೇ ಚೀಲ ಹೆಗಲಿಗೆ ಹಾಕಿ, ಬಾರಿಸುವ ಫೋನಿಗೆ ಬೆನ್ನು ತೋರಿಸಿ, ಐದೂಕಾಲರ ಬಸ್ಸಿಗೆ ಹೊರಟುಬಿಟ್ಟರು. ಅಂಥ ಸುಖ ಅವರಿಗೆ ಇತ್ತೀಚೆಗೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಐದೂಕಾಲರ ಬಸ್ಸು ಬಂದದ್ದು ಐದೂ ಮೂವತ್ತೈದಕ್ಕೆ. ಕಿಟಕಿಯ ಬಾಜು ಕುಳಿತು ರಾಯರು ಮನೆಗೆ ಫೋನ್ ಹಚ್ಚಿದರು. ಗುರುತಿಲ್ಲದ ನಂಬರು ಎತ್ತಬಾರದು, ಮೋಸ ಮಾಡುವವರು ಬಹಳ ಇದ್ದಾರೆ ಎಂದು ಹೆಂಡತಿಗೆ ತಾವೇ ನೂರು ಸಲ ಹೇಳಿದ್ದರು. ಬಾಯಿಯವರು ಗಂಡನ ಆ ಒಂದು ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಮೂರು ಸಲ ಕಟ್ ಮಾಡಿದರು. ನಾಲ್ಕನೆಯ ಸಲಕ್ಕೆ ಫೋನನ್ನೇ ಬಂದ್ ಮಾಡಿಟ್ಟರು. ಮೆಸೇಜು ಕಳಿಸೋಣವೆಂದರೆ ಅವರ ಸಣ್ಣ ಕೀಪ್ಯಾಡ್ ಫೋನಿನಲ್ಲಿ ಮೆಸೇಜು ಎಲ್ಲಿ ಇರುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ರಾಯರು ಗಡಿಯಾರ ನೋಡಿದರು. ಆರಕ್ಕೆ ಅವಳು ಹಳೆಯ ನಂಬರಿಗೆ ಹಚ್ಚುತ್ತಾಳೆ. ಆಫೀಸಿನಲ್ಲಿ ಯಾರಾದರೂ ಎತ್ತಿ ಹೊಸ ನಂಬರು ಹೇಳಿದರೆ ಬಚಾವು. ರೋಹಿಣಿಗೆ ಹೇಳಬೇಕೆಂದು ಫೋನ್ ಎತ್ತುವಷ್ಟರಲ್ಲಿ ಅದೇ ಬಾರಿಸಿತು. ಗೊತ್ತಿಲ್ಲದ ನಂಬರು. ಈ ಸಿಮ್ಮಿಗೆ ಯಾರು ಹಚ್ಚಬೇಕು?

"ರಾಯರ, ಸಿಕ್ಕರೆಪಾ!" ಎಂದ ಇಸ್ಮಾಯಿಲಸಾಬ. "ಮುಂಜಾನಿ ನಿಚ್ಚಣಿಕಿ ಮ್ಯಾಲ ಇದ್ರಿ. ಈಗ ಇಳದೀರೋ?"

"ಈ ನಂಬರ ನಿನಗ ಯಾರು ಕೊಟ್ರು?"

"ನಾ ಹಳೇ ನಂಬರಿಗೆ ಹಚ್ಚಿದ್ದೆರಿ. ಅಧ್ಯಕ್ಷರು ಭಾಷಣ ಮಾಡಿದ್ರು, ಆಮ್ಯಾಲ ಬಾಳೊತ್ತು ಬಾರಸ್ತು, ಆಮ್ಯಾಲ ನೀವು ಬಂದ್ರಿ."

ರಾಯರು ಅವನ ಕರೆ ಕಟ್ ಮಾಡಿ ರೋಹಿಣಿಗೆ ಹಚ್ಚಿದರು. ಅವಳು ಆಗಲೇ ಸ್ಕೂಟಿ ಹತ್ತಿ ಮನೆಯ ದಾರಿ ಹಿಡಿದಿದ್ದಳು. "ಹೌದ್ರಿ ಸರ್, ನೀವು ಹೋದ ಮ್ಯಾಲ ಸರ್ಫರಾಜ್ ಕೇಳಿದ್ರು, ಯಾರೂ ಎತ್ತಲಿಲ್ಲಂದ್ರ ಕರೆ ಯಾರಿಗೆ ಕಳಸ್ಲಿ ಅಂತ. ಡಬ್ಬ್ಯಾಗಿನ ಎರಡನೇ ಸಿಮ್ಮಿಂದ ತಾನ ಹೋಗ್ತೈತಂತ. ಅಧ್ಯಕ್ಷರು ನಿಮ್ಮ ಹೊಸಾ ನಂಬರ ಬರಸಿದ್ರು. ಸದ್ಯಕ್ಕ ಇರ್ಲಿ ಅಂದ್ರು."

"ಈಗ ತಗೀರಿ ಅದನ್ನ!"

"ಸರ್ಫರಾಜ್ ಹುಬ್ಬಳ್ಳಿಗೆ ಹೋದ್ರಲ್ರಿ. ಆಫೀಸ್ ಕೀಲಿ ಹಾಕೇತಿ."

ಮುಂದಿನ ಇಪ್ಪತ್ತು ನಿಮಿಷದಲ್ಲಿ ಏಳು ಕರೆ ಬಂದವು. ಏಳಕ್ಕೂ ಪರದೆಯ ಮೇಲೆ ಡಬ್ಬಿಯ ಅದೇ ನಂಬರು. ಬೀಜ, ಕೀಲಿ, ಹುಳ, ಮತ್ತೆ ಬೀಜ. ಎತ್ತದೆ ಬಿಟ್ಟರೆ ನಿಲ್ಲುವವರೆಗೆ ಬಾರಿಸುತ್ತಿತ್ತು, ಪಕ್ಕದವರು "ಎತ್ರಲಾ ಮಾರಾಯ್ರ" ಎಂದು ರೇಗುತ್ತಿದ್ದರು. ಹದಿನೆಂಟು ವರ್ಷದ ನಂಬರು ಹೋಯಿತು, ಕರೆಗಳು ಮಾತ್ರ ಒಂದೂ ಹೋಗಲಿಲ್ಲ. ರಾಯರ ಕಿವಿಯಿಂದ ಹೊಗೆಯೊಂದು ಬರುವುದು ಬಾಕಿ ಇತ್ತು. ಮಡಿವಾಳೆಪ್ಪನವರ ಮೇಲೆ, ಯಾಕೂಬಸಾಬರ ಮೇಲೆ, ಜೆಸಿಬಿಯ ಮೇಲೆ, ಕಡಲೆ ಬೆಳೆಯುವ ಸಮಸ್ತ ಕುಲಕೋಟಿಯ ಮೇಲೆ ಅವರಿಗೆ ಕೆಂಡದಂಥ ಸಿಟ್ಟು ಬಂದಿತ್ತು.

ಅಣ್ಣಿಗೇರಿ ಇನ್ನೂ ಮೂರು ಕಿಲೋಮೀಟರು ಇರುವಾಗ ಡಬ್ಬಿಯ ನಂಬರಿನಿಂದ ಮತ್ತೊಂದು ಕರೆ ಬಂತು. ರಾಯರು ಗಡಿಯಾರ ನೋಡುವ ಸ್ಥಿತಿಯಲ್ಲಿರಲಿಲ್ಲ. ಗುಂಡಿ ಒತ್ತಿ, ಆ ಕಡೆಯವರಿಗೆ ಉಸಿರು ತೆಗೆಯಲೂ ಬಿಡದೆ ಸೀಟಿನಿಂದ ಎದ್ದೇ ನಿಂತರು.

"ಯಾಂವಲೇ ಅಂವಾ! ನಾಚಿಕಿ ಇಲ್ಲೇನು ನಿಮಗ? ಮನಿ ಮಾರು ಇಲ್ಲೇನು? ಇಡೀ ದಿನ ಇದ ಹಾಡೇನು ನಿಮ್ಮದು? ನನ್ನ ಜೀವಾ ತಿನ್ನಲಿಕ್ಕೇ ಹುಟ್ಟೀರೇನು? ಇನ್ನೊಮ್ಮೆ ಫೋನ್ ಮಾಡಿದ್ರ ಮನಿಗೆ ಬಂದು ಝಾಡಸ್ತೀನಿ, ನೆನಪಿಡು! ಇಡು ಫೋನು!"

ಬಸ್ಸಿನ ಮಂದಿಯೆಲ್ಲ ಹಿಂದೆ ತಿರುಗಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಆಗ ಆ ಕಡೆಯಿಂದ, ಹನ್ನೊಂದು ದಿನ ಕೇಳದೇ ಇದ್ದ ಧ್ವನಿ ಬಂತು.

"ತಕರಾರು ಇದ್ರ ನಾಕು ಒತ್ರಿ ಅಂದ್ರು, ಒತ್ತಿದೆ" ಎಂದರು ಅನ್ನಪೂರ್ಣಾಬಾಯಿ. "ಇಡತೀನಿ."